ಹುಕುಮಿನ ಮುಂದೆ ಓಡುವ ಸುದ್ದಿ

ಯಾವ ಕಚೇರಿಯನ್ನೇ ಹೊಕ್ಕು ನೋಡಿರಿ, ಅಲ್ಲಿ ಎರಡು ಟಪಾಲುಗಳು ನಡೆದಿರುವವು. ಒಂದು ಆವಕ-ಜಾವಕದ ವಹಿಯಲ್ಲಿ ನಮೂದಾಗಿ, ನಂಬರು ಹಚ್ಚಿಸಿಕೊಂಡು, ಸಹಿ ಶಿಕ್ಕೆಗಳೊಡನೆ ಮೆಲ್ಲಗೆ ಬರುವಂಥದು. ಇನ್ನೊಂದು ಚಹದಂಗಡಿಯ ಬಾಕಿನ ಮೇಲೆ ಹುಟ್ಟಿ ಬಾಯಿಂದ ಬಾಯಿಗೆ, ಈಗೀಗ ಮೊಬಾಯಿಲಿನಿಂದ ಮೊಬಾಯಿಲಿಗೆ, ಅರೆಗಳಿಗೆಯಲ್ಲಿ ಹಬ್ಬುವಂಥದು. ಮೊದಲನೆಯದು ತಡವಾದಷ್ಟೂ ಎರಡನೆಯದರ ಬಲವು ಬೆಳೆಯುವದು. ನೌಕರನಿಗೆ ತನ್ನ ಮೇಲಧಿಕಾರಿಗಳಲ್ಲಿ ವಿಶ್ವಾಸವಿರುವದೋ ಸಂಶಯವಿರುವದೋ ಎಂಬುದು ಬಹುಮಟ್ಟಿಗೆ ಈ ಎರಡರಲ್ಲಿ ಯಾವ ಟಪಾಲು ಅವನನ್ನು ಮೊದಲು ಮುಟ್ಟಿತೆಂಬುದರಿಂದಲೇ ನಿಶ್ಚಯವಾಗುವದೆಂದು ನಮ್ಮ ಅಭಿಪ್ರಾಯವಿದೆ. ಈ ಅಭಿಪ್ರಾಯಕ್ಕೆ ಆಧಾರವಾದ ಸಂಗತಿಗಳನ್ನು ನಮ್ಮ ವಾಚಕರ, ವಿಶೇಷವಾಗಿ ಅಧಿಕಾರಿವರ್ಗದವರ, ಮುಂದಿಡುವದು ಇಂದಿನ ಲೇಖದ ಉದ್ದೇಶವು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಇವು ವಿಜಯಪುರ ಜಿಲ್ಲೆಯ ಹಳೆಯ ತಾಲೂಕುಗಳು. ಭೀಮೆ-ಕೃಷ್ಣೆಯರ ನಡುವಿನ ಈ ಬಯಲುನಾಡಿನಲ್ಲಿ ಒಕ್ಕಲುತನವನ್ನು ಬಿಟ್ಟರೆ ದೊಡ್ಡ ಉದ್ದಿಮೆಗಳು ವಿರಳ. ತಿಂಗಳ ಪಗಾರವನ್ನು ನೆಚ್ಚಿದ ಮನೆಗಳೆಂದರೆ ಬಹುಶಃ ತಹಶೀಲ ಕಚೇರಿ, ಶಾಲೆ, ದವಾಖಾನೆ, ಬಸ್ ಡಿಪೋಗಳನ್ನು ನೆಚ್ಚಿದ ಮನೆಗಳೇ. ಆದರೆ ಈ ಮನೆಗಳ ಹಿತಾಹಿತಗಳ ನಿರ್ಣಯವು ಇಲ್ಲಿ ಆಗುವದಿಲ್ಲ. ಮುದ್ದೇಬಿಹಾಳದ ಬಸ್ ಚಾಲಕನೊಬ್ಬನ ಸ್ಥಿತಿಯನ್ನು ವಿಚಾರಿಸಿರಿ. ಅವನ ಪಗಾರದ ಮಾತನ್ನು ಕೊನೆಗಾಣಿಸುವ ಸರಕಾರವು ದೂರದ ಬೆಂಗಳೂರಿನಲ್ಲಿದೆ. ನಿಗಮದ ಕೇಂದ್ರ ಕಚೇರಿಯು ಕಲಬುರ್ಗಿಯಲ್ಲಿದೆ. ವಿಭಾಗದ ಕಚೇರಿಯು ವಿಜಯಪುರದಲ್ಲಿದೆ. ಕಟ್ಟಕಡೆಗೆ ಡಿಪೋ ಮ್ಯಾನೇಜರರು. ಮೇಲೆ ಆಡಿದ ಮಾತು ಇಷ್ಟು ಮೆಟ್ಟಲುಗಳನ್ನು ಇಳಿದು ಬರುವಷ್ಟರಲ್ಲಿ ನಿರ್ಣಯವೊಂದು ಉಳಿಯುವದು. ಅದರ ಕಾರಣವು ದಾರಿಯಲ್ಲಿಯೇ ಉದುರಿ ಹೋಗುವದು. ಕಾರಣವಿಲ್ಲದ ನಿರ್ಣಯವು ಕೈಗೆ ಬಂದಾಗ ಮನುಷ್ಯನು ತಾನೇ ಒಂದು ಕಾರಣವನ್ನು ಕಲ್ಪಿಸಿಕೊಳ್ಳುವನು. ಹಾಗೆ ಕಲ್ಪಿಸಿಕೊಂಡ ಕಾರಣವು ಒಳ್ಳೆಯದಾಗಿರುವದು ಅಪರೂಪ.

ಸಾರಿಗೆಯ ಪ್ರಕರಣವನ್ನು ತುಸು ಹಿಂದಿನಿಂದ ನೋಡಬೇಕು. ೧೯೪೮ರಲ್ಲಿ ಮೈಸೂರಿನಲ್ಲಿ ಬಸ್ಸುಗಳ ಕೆಲಸವು ಸರಕಾರದ ಒಂದು ಖಾತೆಯೆಂದು ಆರಂಭವಾಯಿತು. ೧೯೫೬ರಲ್ಲಿ ಕನ್ನಡ ನಾಡು ಒಂದಾದಾಗ, ಅದುವರೆಗೆ ಮುಂಬಯಿ ರಾಜ್ಯದ ಸಾರಿಗೆಗೆ ಸೇರಿದ್ದ ನಮ್ಮ ಕಡೆಯ ಮಾರ್ಗಗಳು ಅದರಲ್ಲಿ ಕೂಡಿದವು. ೧೯೬೧ರಲ್ಲಿ ಖಾತೆಯು ಹೋಗಿ ನಿಗಮವು ಬಂದಿತು. ೨೦೦೦ದಲ್ಲಿ ಈಶಾನ್ಯ ಕರ್ನಾಟಕದ ನಿಗಮವು ಬೇರೆಯಾಯಿತು. ೨೦೨೧ರಲ್ಲಿ ಅದಕ್ಕೆ ಕಲ್ಯಾಣ ಕರ್ನಾಟಕವೆಂಬ ಹೆಸರು ಬಂದಿತು. ಮೇಲಿನ ಹೆಸರು ಇಷ್ಟು ಸಲ ಬದಲಾದರೂ ಖಾಕಿ ತೊಟ್ಟು ನಸುಕಿನಲ್ಲಿ ಬಸ್ಸು ಹೊರಡಿಸುವವನು ತನ್ನನ್ನು ಸರಕಾರದ ಮನುಷ್ಯನೆಂದೇ ಬಗೆದನು. ಊರವರೂ ಅದನ್ನು ಸರಕಾರಿ ಬಸ್ಸೆಂದೇ ಕರೆಯುವರು. ಕಾಗದದಲ್ಲಿ ಮಾತ್ರ ಅವನು ನಿಗಮದ ನೌಕರ. ಸರಕಾರಿ ನೌಕರರ ಪಗಾರದ ಪ್ರಮಾಣವು ಅವನಿಗೆ ತಾನಾಗಿಯೇ ಸಲ್ಲುವದಿಲ್ಲ. ತನ್ನ ಸ್ಥಾನವೇನೆಂಬುದು ತನಗೇ ಸ್ಪಷ್ಟವಿಲ್ಲದವನಲ್ಲಿ ಸಂಶಯಕ್ಕೆ ನೆಲವು ಮೊದಲೇ ಹದವಾಗಿರುವದು.

೨೦೨೦ನೆಯ ಡಿಸೆಂಬರದಲ್ಲಿ ಈ ನೆಲದಲ್ಲಿ ಬೀಜವು ಮೊಳೆಯಿತು. ತಮ್ಮನ್ನು ಸರಕಾರಿ ನೌಕರರೆಂದು ಎಣಿಸಬೇಕೆಂಬುದೇ ಮೊದಲಾದ ಬೇಡಿಕೆಗಳನ್ನು ಮುಂದಿಟ್ಟು ನಾಡಿನ ಸಾರಿಗೆ ನೌಕರರು ೧೧ನೆಯ ತಾರೀಖಿನಿಂದ ಕೆಲಸವನ್ನು ನಿಲ್ಲಿಸಿದರು. ೧೩ನೆಯ ತಾರೀಖು ರವಿವಾರ ಮಂತ್ರಿಗಳಿಗೂ ಮುಖಂಡರಿಗೂ ಮಾತುಕತೆಯಾಗಿ ಒಪ್ಪಂದವಾಯಿತೆಂಬ ಸುದ್ದಿ ಹೊರಟಿತು. ಅಂದೇ ಸಂಜೆ, ಮುಷ್ಕರವು ಮುಂದುವರಿದಿದೆಯೆಂಬ ಇನ್ನೊಂದು ಸುದ್ದಿ ಹೊರಟಿತು. ನೆರೆದ ನೌಕರರು ಬಾಯಿಮಾತನ್ನು ಒಪ್ಪಲೊಲ್ಲರು. ಬರೆದು ಕೊಡಿರೆಂದು ಹಟ ಹಿಡಿದರು. ಮರುದಿನ ಬರವಣಿಗೆಯ ಭರವಸೆ ದೊರೆತ ಮೇಲೆಯೇ ಬಸ್ಸುಗಳು ರಸ್ತೆಗಿಳಿದವು. ಆ ರವಿವಾರದ ರಾತ್ರಿ ಇಂಡಿಯ ಅಥವಾ ಸಿಂದಗಿಯ ಡಿಪೋದ ಒಬ್ಬ ನಿರ್ವಾಹಕನು ನಾಳೆ ಕೆಲಸಕ್ಕೆ ಹೋಗುವದೋ ಬಿಡುವದೋ ಎಂಬುದನ್ನು ಯಾರ ಮಾತಿನಿಂದ ನಿಶ್ಚಯಿಸಬೇಕಾಗಿದ್ದಿತು? ಟೀವಿಯ ಮಾತಿನಿಂದಲೋ, ಸಂಗಡಿಗರ ಮೊಬಾಯಿಲಿನಿಂದಲೋ, ಸಾಹೇಬರ ಬೆದರಿಕೆಯಿಂದಲೋ?

ಬರವಣಿಗೆಯೂ ಸಂಶಯವನ್ನು ಕಳೆಯಲಿಲ್ಲವೆಂಬುದನ್ನು ಮುಂದಿನ ವಸಂತವು ತೋರಿಸಿತು. ೬ನೆಯ ವೇತನ ಆಯೋಗದ ಪ್ರಮಾಣದಲ್ಲಿ ಪಗಾರವನ್ನು ಕೊಡುವ ವಿಷಯದಲ್ಲಿ ಸರಕಾರವು ಕೊಟ್ಟ ಮಾತು ಎಷ್ಟರಮಟ್ಟಿನದು? ನೌಕರರು ಅದನ್ನು ವಚನವೆಂದು ತಿಳಿದಿದ್ದರು. ಸರಕಾರವು ಉಳಿದ ಬೇಡಿಕೆಗಳೆಲ್ಲ ಈಡೇರಿದವೆಂದೂ ಇದೊಂದು ಅಸಾಧ್ಯವೆಂದೂ ಹೇಳಿ ಶೇಕಡಾ ೮ರಷ್ಟು ಹೆಚ್ಚಳದ ಮಾತನ್ನೆತ್ತಿತು. ೨೦೨೧ನೆಯ ಏಪ್ರಿಲ್ ೭ರಿಂದ ಮತ್ತೆ ಮುಷ್ಕರವಾಯಿತು. ಬೆಳಗಾವಿ, ಮಸ್ಕಿ, ಬಸವಕಲ್ಯಾಣಗಳಲ್ಲಿ ಉಪಚುನಾವಣೆಯ ಕಾಲ; ಚುನಾವಣೆಯ ನೀತಿಸಂಹಿತೆಯ ಅಡ್ಡಿ; ಮೇಲೆ ಕೋವಿಡ್ ಪಿಡುಗಿನ ಎರಡನೆಯ ಅಲೆ. ಎರಡು ವಾರಗಳವರೆಗೆ ಕೆಂಪು ಬಸ್ಸುಗಳು ನಿಂತು, ಹೈಕೋರ್ಟು ನಡುವೆ ಬಂದ ಬಳಿಕ ೨೧ನೆಯ ತಾರೀಖಿಗೆ ಮುಷ್ಕರವು ಮುಗಿಯಿತು. ಆ ನಡುವೆ ಕೆಲಸ ಕಳೆದುಕೊಂಡವರು, ಅಮಾನತಿನಲ್ಲಿ ಬಿದ್ದವರು, ದೂರದೂರಿಗೆ ಬದಲಿಯಾದವರು ಬಹಳ ಮಂದಿ. ಹಳ್ಳಿಗರು ದವಾಖಾನೆಗೆ ಹೋಗಲು ದಾರಿ ಕಾಣದೆ ಹಲುಬಿದರು.

ಬೇಡಿಕೆಯು ನ್ಯಾಯವಾದುದೋ ಅಲ್ಲವೋ, ನಿಗಮದ ಹಮ್ಮಿಣಿಯು ಅದನ್ನು ತಾಳುವದೋ ಇಲ್ಲವೋ ಎಂಬ ಚರ್ಚೆಯನ್ನು ನಾವಿಲ್ಲಿ ಮಾಡುವದಿಲ್ಲ. ನಾವು ಕೇಳುವದಿಷ್ಟೇ: ಒಂದೇ ಭರವಸೆಯನ್ನು ಕೊಟ್ಟವರು ಒಂದು ಬಗೆಯಾಗಿಯೂ ಪಡೆದವರು ಇನ್ನೊಂದು ಬಗೆಯಾಗಿಯೂ ತಿಳಿದುಕೊಂಡು ನಾಲ್ಕು ತಿಂಗಳು ಸುಮ್ಮನಿರಲು ಹೇಗೆ ಸಾಧ್ಯವಾಯಿತು? ಆ ನಾಲ್ಕು ತಿಂಗಳುಗಳಲ್ಲಿ ಪ್ರತಿಯೊಂದು ಡಿಪೋದಲ್ಲಿ ನೌಕರರನ್ನು ಕೂಡಿಸಿ, ಇಂತಿಂಥ ಮಾತು ಆಗಿದೆ, ಇಂತಿಂಥದು ಆಗಿಲ್ಲ, ಆಗದಿದ್ದುದಕ್ಕೆ ಕಾರಣವಿದು, ಎಂದು ಹೇಳಿದ್ದರೆ ಹಣವು ಹೆಚ್ಚುತ್ತಿರಲಿಲ್ಲ ನಿಜ. ಆದರೆ ಮೋಸವಾಯಿತೆಂಬ ಭಾವನೆಯು ಇಷ್ಟು ಆಳವಾಗಿ ಬೇರೂರುತ್ತಿರಲಿಲ್ಲ. ಈ ರೋಗವು ಇಂದಿಗೂ ಹೋಗಿಲ್ಲ. ೨೦೨೩ರ ಮಾರ್ಚಿನಿಂದ ಶೇಕಡಾ ೧೫ರ ಹೆಚ್ಚಳವು ದೊರೆಯಿತು. ಆದರೆ ಅದರ ಬಾಕಿಯನ್ನು ಎಂದಿನಿಂದ ಎಣಿಸಬೇಕೆಂಬ ಮಾತು ತೂಗಾಡುತ್ತ ಉಳಿಯಿತು. ನೌಕರರು ೩೮ ತಿಂಗಳೆಂದರು, ಸರಕಾರವು ೧೪ ತಿಂಗಳೆಂದಿತು. ೨೦೨೫ನೆಯ ಆಗಸ್ಟ್ ೫ರಂದು ಮತ್ತೆ ಬಸ್ಸುಗಳು ನಿಂತವು, ಹೈಕೋರ್ಟಿನ ಆಜ್ಞೆಯಿಂದ ಅಂದೇ ಮುಷ್ಕರವನ್ನು ಹಿಂತೆಗೆದುಕೊಳ್ಳಲಾಯಿತು. ತಾರೀಖೊಂದನ್ನು ಬಿಚ್ಚಿ ಹೇಳದೆ ಬಿಟ್ಟರೆ ಅದಕ್ಕೆ ಎಷ್ಟು ಬಡ್ಡಿ ಬೆಳೆಯುವದೆಂಬುದಕ್ಕೆ ಬೇರೆ ನಿದರ್ಶನ ಬೇಡ.

ಡಿಪೋಗಳ ಮಾತಷ್ಟೇ ಅಲ್ಲ, ಕಂದಾಯ ಖಾತೆಯ ಮಾತೂ ಹೀಗೆಯೇ ಇದೆ. ಕೆಲ ವರ್ಷಗಳ ಕೆಳಗೆ ಈ ನಾಲ್ಕೂ ತಾಲೂಕುಗಳು ಒಡೆದವು. ಇಂಡಿಯಿಂದ ಚಡಚಣ, ಸಿಂದಗಿಯಿಂದ ದೇವರ ಹಿಪ್ಪರಗಿ, ಮುದ್ದೇಬಿಹಾಳದಿಂದ ತಾಳಿಕೋಟೆ, ಬಸವನ ಬಾಗೇವಾಡಿಯಿಂದ ನಿಡಗುಂದಿ ಮತ್ತು ಕೊಲ್ಹಾರ ಹೊಸ ತಾಲೂಕುಗಳಾದವು. ಇಂಥ ಸಮಯದಲ್ಲಿ ಪ್ರತಿಯೊಬ್ಬ ಕಾರಕೂನನ ಮನಸ್ಸಿನಲ್ಲಿ ಏಳುವ ಪ್ರಶ್ನೆಗಳು ಸಣ್ಣವು: ನಾನು ಇಲ್ಲಿರುವೆನೋ ಅಲ್ಲಿಗೆ ಹೋಗುವೆನೋ, ನನ್ನ ಜ್ಯೇಷ್ಠತೆಯ ಗತಿಯೇನು, ಮಕ್ಕಳ ಸಾಲೆಯ ಗತಿಯೇನು. ಸಾಹೇಬರಿಗೆ ಇವು ಕ್ಷುಲ್ಲಕವೆಂದು ತೋರಬಹುದು. ಕಾರಕೂನನಿಗೆ ಇವೇ ಬಾಳುವೆ. ಇವಕ್ಕೆ ಉತ್ತರ ಕೊಡದ ಕಚೇರಿಯಲ್ಲಿ ಸಾಹೇಬರ ಕೋಣೆಯ ಬಾಗಿಲು ಹತ್ತು ನಿಮಿಷ ಮುಚ್ಚಿದರೆ ಹೊರಗೆ ಹತ್ತು ಕಥೆಗಳು ಹುಟ್ಟುವವು. ೨೦೨೪ರ ಸಪ್ಟೆಂಬರದಲ್ಲಿ ನಾಡಿನ ಗ್ರಾಮ ಆಡಳಿತಾಧಿಕಾರಿಗಳು ಕೆಲಸ ನಿಲ್ಲಿಸಿದಾಗ ಅವರ ದೊಡ್ಡ ದೂರು ಮೊಬಾಯಿಲಿನ ಆಪ್‌ಗಳದಾಗಿತ್ತು: ಒಂದರ ಮೇಲೊಂದು ಆಪ್ ಬಂದು ಕೆಲಸದ ಲೆಕ್ಕವನ್ನು ಕೇಳುವದು, ಕೆಲಸ ಮಾಡಲು ಬೇಕಾದ ಸಾಧನ ಸೌಕರ್ಯಗಳು ಮಾತ್ರ ಬಾರವು. ಮೇಲಿನಿಂದ ಕೆಳಗೆ ಹುಕುಮು, ಕೆಳಗಿನಿಂದ ಮೇಲೆ ಅಂಕೆ ಸಂಖ್ಯೆ, ಇವೆರಡೇ ಹರಿದಾಡುವ ದಾರಿಯಲ್ಲಿ ಮನುಷ್ಯರ ಮಾತಿಗೆ ತಾವೆಲ್ಲಿ?

ಈ ಮೌನವು ನಮ್ಮ ನೆಲದ ಬೆಳೆಯೆಂದು ನಾವು ತಿಳಿಯುವದಿಲ್ಲ. ಪರಕೀಯರ ಆಳಿಕೆಯು ನಮಗೆ ಬಿಟ್ಟುಹೋದ ಆಸ್ತಿಗಳಲ್ಲಿ ಇದೊಂದು. ಜನರನ್ನು ನಂಬದ ಸರಕಾರವು ತನ್ನ ನೌಕರರನ್ನು ತಾನೇ ಹೇಗೆ ನಂಬೀತು? ಮೇಲಿನ ಪತ್ರವ್ಯವಹಾರವನ್ನು ಇಂಗ್ಲಿಷಿನಲ್ಲಿ ನಡೆಯಿಸಿ, ಕಾರಣಗಳನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕಿ, ಹುಕುಮನ್ನಷ್ಟೇ ಕೆಳಗಿಳಿಸುವ ಪದ್ಧತಿಯು ಆ ಕಾಲದ್ದು. ೧೯೨೩ನೆಯ ಗೌಪ್ಯದ ಕಾಯದೆಯು ಇಂದಿಗೂ ನಮ್ಮ ಪುಸ್ತಕದಲ್ಲಿದೆ. ನೌಕರನ ಗುಣದೋಷಗಳನ್ನು ಅವನಿಗೆ ತಿಳಿಯದಂತೆ ಬರೆದಿಡುವ ಗುಪ್ತ ವರದಿಯೂ ಅದೇ ಮನೆತನದ ಕೂಸು. ದೇವದತ್ತರೆಂಬ ಇಂಜಿನಿಯರರಿಗೆ ಒಂದು ವರ್ಷದ ವರದಿಯಲ್ಲಿ ‘ಒಳ್ಳೆಯವರು’ ಎಂದು ಬರೆದಿದ್ದರು; ಬಡತಿಗೆ ‘ಬಹಳ ಒಳ್ಳೆಯವರು’ ಎಂದಿರಬೇಕಾಗಿದ್ದಿತು; ಹಾಗೆ ಬರೆದ ಸಂಗತಿಯನ್ನೇ ಅವರಿಗೆ ತಿಳಿಸಿರಲಿಲ್ಲ. ಹೊಗಳಿಕೆಯಂತೆ ಕಾಣುವ ಮಾತೊಂದು ಗುಪ್ತವಾಗಿದ್ದುದರಿಂದ ಅವರ ಬಡತಿಗೆ ಮುಳುವಾಯಿತು. ೨೦೦೮ರಲ್ಲಿ ಸುಪ್ರೀಂ ಕೋರ್ಟು ಈ ಪ್ರಕರಣದಲ್ಲಿ, ಒಳ್ಳೆಯದಿರಲಿ ಕೆಟ್ಟದಿರಲಿ ವರದಿಯ ಪ್ರತಿಯೊಂದು ನಮೂದನ್ನು ನೌಕರನಿಗೆ ತಿಳಿಸತಕ್ಕದ್ದೆಂದು ನಿರ್ಣಯಿಸಿತು. ಸ್ವರಾಜ್ಯ ಬಂದು ೬೦ ವರ್ಷಗಳಾದ ಮೇಲೆ ಈ ಸಾದಾ ನ್ಯಾಯವು ಕೋರ್ಟಿನಿಂದ ಬರಬೇಕಾಯಿತು! ೨೦೦೫ನೆಯ ಮಾಹಿತಿ ಹಕ್ಕಿನ ಕಾಯದೆಯ ೪ನೆಯ ಕಲಮು, ಆಡಳಿತದ ನಿರ್ಣಯಗಳ ಕಾರಣಗಳನ್ನು ಬಾಧಿತರಿಗೆ ಸರಕಾರವು ತಾನಾಗಿಯೇ ತಿಳಿಸಬೇಕೆಂದು ವಿಧಿಸಿದೆ. ಬಾಧಿತನು ತನ್ನ ಕಚೇರಿಯ ಸಿಪಾಯಿಯೇ ಆಗಿದ್ದರೆ ಅವನಿಗೆ ಆ ಕಲಮು ಸಲ್ಲದೆಂದು ಕಾಯದೆಯಲ್ಲಿ ಎಲ್ಲಿಯೂ ಬರೆದಿಲ್ಲ.

ಬಿಚ್ಚಿ ಹೇಳಿದರೆ ಏನಾಗುವದೆಂಬುದಕ್ಕೂ ನಮ್ಮಲ್ಲಿಯೇ ದೃಷ್ಟಾಂತವಿದೆ. ಸಾಲೆಯ ಮಾಸ್ತರರ ಬದಲಿಯೆಂದರೆ ಒಂದು ಕಾಲಕ್ಕೆ ಪಿಸುಮಾತಿನ ವ್ಯಾಪಾರವಾಗಿದ್ದಿತು. ೨೦೦೭ರ ಕಾಯದೆಯ ತರುವಾಯ ಈ ಕೆಲಸವು ಕೌನ್ಸೆಲಿಂಗಿನ ದಾರಿ ಹಿಡಿಯಿತು. ಯಾರ ಪಾಳಿಯು ಎಷ್ಟನೆಯದು, ಎಲ್ಲೆಲ್ಲಿ ಸ್ಥಾನವು ಖಾಲಿಯಿದೆ ಎಂಬುದು ಎಲ್ಲರ ಕಣ್ಣಮುಂದೆ. ತನ್ನ ಪಾಳಿ ಬಂದಾಗ ಮಾಸ್ತರನು ತಾನೇ ಊರನ್ನಾರಿಸಿಕೊಳ್ಳುವನು. ಇದರಲ್ಲಿ ತಕರಾರುಗಳಿಲ್ಲವೆಂದು ನಾವು ಹೇಳುವದಿಲ್ಲ. ನಿಯಮಗಳು ಮೇಲಿಂದ ಮೇಲೆ ತಿದ್ದಲ್ಪಟ್ಟಿವೆ. ಆದರೆ ಒಂದು ಭೇದವನ್ನು ಗಮನಿಸಬೇಕು. ಬೇಡಿದ ಊರು ದೊರೆಯದ ಮಾಸ್ತರನಿಗೂ ಅದು ಯಾರಿಗೆ ಹೋಯಿತು, ಏಕೆ ಹೋಯಿತು ಎಂಬುದು ಗೊತ್ತಾಗುವದು. ಅವನು ನಿರಾಶನಾಗಿ ಮನೆಗೆ ಹೋಗಬಹುದು, ವಂಚಿತನೆಂದು ಹೋಗುವದಿಲ್ಲ. ನಿರಾಶೆಯು ನಾಲ್ಕು ದಿನಗಳದು. ವಂಚನೆಯ ನೆನಪು ನಿವೃತ್ತಿಯವರೆಗೆ ಉಳಿಯುವದು.

ಬಾಗೇವಾಡಿಯ ನೆಲದಲ್ಲಿ ನಿಂತು ಈ ಮಾತನ್ನಾಡುವಾಗ ಅಲ್ಲಿ ಹುಟ್ಟಿದ ಮಹಾಪುರುಷನನ್ನು ನೆನೆಯದೆ ಇರುವದು ಹೇಗೆ? ಬಸವಣ್ಣನವರು ಬಿಜ್ಜಳನ ಭಾಂಡಾರದ ಅಧಿಕಾರಿಗಳು. ಅಂದರೆ ಅವರೂ ಒಬ್ಬ ನೌಕರರೇ. ಅವರು ಅರಸನ ಹಣವನ್ನು ಜಂಗಮರಿಗೆ ಸುರಿಯುತ್ತಿರುವರೆಂದು ಅಸೂಯಾಪರರು ಬಿಜ್ಜಳನ ಕಿವಿಯಲ್ಲಿ ಚಾಡಿಯನ್ನೂದಿದರೆಂದೂ, ಭಾಂಡಾರವನ್ನು ತೆಗೆದು ಎಣಿಸಿದಾಗ ಒಂದು ಹೊನ್ನೂ ಕಡಿಮೆಯಾಗಿರಲಿಲ್ಲವೆಂದೂ ಪುರಾಣವು ಹೇಳುತ್ತದೆ. ಭಕ್ತರು ಅದನ್ನು ಪವಾಡವೆಂದು ಬಗೆಯುವರು. ಆಡಳಿತಗಾರರು ಅದರಿಂದ ಕಲಿಯಬೇಕಾದ ಪಾಠವು ಬೇರೆ: ಚಾಡಿಗೆ ಮದ್ದು ಲೆಕ್ಕವನ್ನು ಎಲ್ಲರೆದುರಿಗೆ ಬಿಚ್ಚುವದು. ಅದೇ ಮಹಾನುಭಾವರ ಹೆಸರಿನೊಡನೆ ಬೆಸೆದ ಅನುಭವ ಮಂಟಪದಲ್ಲಿ ಅರಸನ ಮಂತ್ರಿಯೂ ಕಾಯಕದ ಬಡವನೂ ಒಂದೇ ನೆಲದ ಮೇಲೆ ಕುಳಿತು ಪ್ರಶ್ನೆ ಕೇಳಿದರೆಂದು ನಾವು ಅಭಿಮಾನದಿಂದ ಹೇಳಿಕೊಳ್ಳುವೆವು. ಆ ಅಭಿಮಾನದಲ್ಲಿ ಒಂದಂಶವಾದರೂ ನಮ್ಮ ಕಚೇರಿಗಳ ತಿಂಗಳ ಸಭೆಗಳಿಗೆ ಇಳಿದು ಬರಬಾರದೇ?

ನಮ್ಮ ರಾಷ್ಟ್ರೀಯ ಹೋರಾಟದ ಕಾಲದಿಂದಲೂ ಒಂದು ಮಾತನ್ನು ನೆನೆಯಬಹುದು. ೧೯೧೮ರಲ್ಲಿ ಅಹಮದಾಬಾದಿನ ಗಿರಣಿ ಕೂಲಿಕಾರರು ಶೇಕಡಾ ೩೫ರ ಹೆಚ್ಚಳವನ್ನು ಕೇಳಿದರು. ಮಾಲಕರ ಮುಂದಾಳುಗಳಲ್ಲಿ ಅಂಬಾಲಾಲ ಸಾರಾಭಾಯಿಯವರು; ಕೂಲಿಕಾರರ ಪಕ್ಷದಲ್ಲಿ ಅವರ ಸ್ವಂತ ಸೋದರಿ ಅನಸೂಯಾಬೆನ್ನರು. ಗಾಂಧೀಜಿಯವರು ಆ ಹೋರಾಟದುದ್ದಕ್ಕೂ ಪತ್ರಕಗಳನ್ನು ಅಚ್ಚುಹಾಕಿಸಿ, ಸಾಬರಮತಿಯ ದಂಡೆಯ ಜಾಲಿಯ ಮರದ ಕೆಳಗೆ ಕೂಲಿಕಾರರಿಗೆ ಓದಿಸಿ ಹೇಳಿಸಿದರು. ಹಾಗಿದ್ದೂ ಹಸಿವೆ ಹೆಚ್ಚಿದಾಗ, ಮೋಟಾರಿನಲ್ಲಿ ಬಂದು ಹೋಗುವ ಇವರಿಗೆ ನಮ್ಮ ಕಷ್ಟವೇನು ಗೊತ್ತು ಎಂಬ ಕುಹಕದ ಮಾತು ಹುಟ್ಟಿತು. ಗಾಂಧೀಜಿಯವರು ಅದನ್ನಾಡಿದವರ ಮೇಲೆ ಸಿಟ್ಟಾಗಲಿಲ್ಲ. ಆ ಮಾತಿನಲ್ಲಿ ತಥ್ಯವಿದೆಯೆಂದು ಬಗೆದು ಮಾರ್ಚ್ ೧೫ರಂದು ತಾವೇ ಉಪವಾಸಕ್ಕೆ ಕುಳಿತರು. ೧೮ಕ್ಕೆ ಉಭಯಪಕ್ಷದವರೂ ಪಂಚಾಯತಿಗೆ ಒಪ್ಪಿದರು. ಬರಿಯ ಕಾಗದದಿಂದ ವಿಶ್ವಾಸವು ಹುಟ್ಟುವದಿಲ್ಲ, ಹೇಳುವವನು ಕೇಳುವವನ ಕಷ್ಟದಲ್ಲಿ ಪಾಲುಗಾರನಾಗಿರಬೇಕೆಂಬುದು ಇದರ ತಾತ್ಪರ್ಯ. ಬಸ್ಸಿನ ಚಾಲಕನಿಗೆ ರಜೆಯಿಲ್ಲವೆಂದು ಹೇಳುವ ಅಧಿಕಾರಿಯು ಜಾತ್ರೆಯ ದಿನ ತಾನೂ ಡಿಪೋದಲ್ಲಿ ನಿಂತಿದ್ದರೆ ಆ ಮಾತಿನ ತೂಕವೇ ಬೇರೆ.

ಎಲ್ಲವನ್ನೂ ಎಲ್ಲರಿಗೂ ಹೇಳಲಾಗುವದಿಲ್ಲವೆಂದು ಅಧಿಕಾರಿಗಳು ಆಕ್ಷೇಪಿಸಬಹುದು. ನಿಜವು. ಟೆಂಡರಿನ ದರ, ಪರೀಕ್ಷೆಯ ಪ್ರಶ್ನಪತ್ರಿಕೆ, ವಿಚಾರಣೆಯಲ್ಲಿರುವ ಅಪರಾಧ ಇವುಗಳಿಗೆ ಗೌಪ್ಯವು ಬೇಕು. ಆದರೆ ಹೇಳಲಾಗದ್ದನ್ನು ಹೇಳಲಾಗದೆಂದು, ಇಂಥ ದಿನದವರೆಗೆ ಹೇಳಲಾಗದೆಂದು, ಸ್ಪಷ್ಟವಾಗಿ ನುಡಿಯುವದಕ್ಕೆ ಯಾವ ಕಾಯದೆಯೂ ಅಡ್ಡಿಯಿಲ್ಲ. ನೌಕರರಿಗೂ ನಾವು ಎರಡು ಮಾತು ಹೇಳಬೇಕಾಗಿದೆ. ಸಾಹೇಬರೆದುರಿಗೆ ಎಲ್ಲವೂ ಸುರಳೀತವಾಗಿದೆಯೆಂದು ತಲೆಯಾಡಿಸಿ, ಹೊರಗೆ ಬಂದು ಎಲ್ಲವೂ ಕೆಟ್ಟಿದೆಯೆಂದು ನಗುವವರು ಸಂಶಯದ ಹೊಗೆಗೆ ಕಟ್ಟಿಗೆ ಹಾಕುವವರೇ ಸರಿ. ಮೇಲಿನವರಿಗೆ ನಿಜವನ್ನು ತಿಳಿಸದೆ ಅವರಿಂದ ನಿಜವನ್ನು ಬಯಸುವದು ನ್ಯಾಯವಲ್ಲ. ಮೊಬಾಯಿಲಿನಲ್ಲಿ ಬಂದ ಸಹಿಯಿಲ್ಲದ ಮಾತನ್ನು ಹತ್ತು ಜನಕ್ಕೆ ಕಳಿಸುವ ಮೊದಲು, ಇದನ್ನು ಕೇಳಬೇಕಾದವರನ್ನು ಕೇಳಿದೆನೋ ಎಂದು ತನ್ನನ್ನು ತಾನೇ ಪ್ರಶ್ನಿಸಿಕೊಳ್ಳುವದು ಪ್ರತಿಯೊಬ್ಬನ ಧರ್ಮ. ಆದರೆ ನಿಜ ಹೇಳಿದವನಿಗೆ ದೂರದೂರಿಗೆ ಬದಲಿಯೇ ಬಹುಮಾನವಾಗುವದಿದ್ದರೆ ಯಾರು ತಾನೇ ಬಾಯಿ ತೆರೆದಾರು? ಮೊದಲ ಹೆಜ್ಜೆಯನ್ನು ಅಧಿಕಾರವಿದ್ದವರೇ ಇಡಬೇಕು.

ಇದಕ್ಕೆ ಹೊಸ ಖಾತೆ ಬೇಡ, ಹೊಸ ಹಣ ಬೇಡ. ನೌಕರರಿಗೆ ಸಂಬಂಧಿಸಿದ ಹುಕುಮು ಬಂದ ದಿನವೇ ತಿಳಿಗನ್ನಡದಲ್ಲಿ, ಕಾರಣದೊಡನೆ, ಜಾರಿಯ ತಾರೀಖಿನೊಡನೆ ಫಲಕದ ಮೇಲೆ ಬರಲಿ. ಮೊಬಾಯಿಲಿನ ಸಂದೇಶವು ಸೂಚನೆಯಾಗಿರಲಿ. ಸಹಿಯುಳ್ಳ ಕಾಗದದ ಸ್ಥಾನವನ್ನು ಅದು ಕಸಿಯದಿರಲಿ. ತಿಂಗಳಿಗೊಮ್ಮೆ ನೌಕರರ ಸಭೆ ಕೂಡಿ, ಅಲ್ಲಿ ಕೇಳಿದ ಪ್ರಶ್ನೆಯೂ ಕೊಟ್ಟ ಉತ್ತರವೂ ವಹಿಯಲ್ಲಿ ನಮೂದಾಗಲಿ. ಉತ್ತರ ಸಿಗದ ಪ್ರಶ್ನೆಯು ಮುಂದಿನ ಸಭೆಯಲ್ಲಿ ಮೊದಲನೆಯದಾಗಿ ಬರಲಿ. ಬದಲಿಗೂ ಬಡತಿಗೂ ಮೊದಲು ಜ್ಯೇಷ್ಠತೆಯ ಯಾದಿಯು ಗೋಡೆಯ ಮೇಲೆ ಹತ್ತಲಿ. ಎಲ್ಲಕ್ಕೂ ಮಿಗಿಲಾಗಿ, ಕೆಟ್ಟ ಸುದ್ದಿಯಿದ್ದಾಗ ಅದನ್ನು ಅಧಿಕಾರಿಯು ಸ್ವತಃ ಮುಂದೆ ನಿಂತು ತನ್ನ ಬಾಯಿಂದ ಹೇಳಲಿ. ಒಳ್ಳೆಯ ಸುದ್ದಿಯನ್ನು ಹಂಚಲು ಎಲ್ಲರೂ ಮುಂದಾಗುವರು. ಕೆಟ್ಟ ಸುದ್ದಿಯನ್ನು ಸಿಪಾಯಿಯ ಕೈಯಲ್ಲಿ ಕಳಿಸುವ ಅಧಿಕಾರಿಯನ್ನು ಮುಂದೆ ಒಳ್ಳೆಯ ಸುದ್ದಿಗೂ ಯಾರೂ ನಂಬಲಾರರು.

ಬಸವನ ಬಾಗೇವಾಡಿಯ ನಿಲ್ದಾಣದಲ್ಲಿ ನಸುಕಿನ ಬಸ್ಸಿಗೆ ಕಾದು ಕುಳಿತ ಮುದುಕಿಗೆ ವೇತನ ಆಯೋಗವೂ ಗೊತ್ತಿಲ್ಲ, ನೀತಿಸಂಹಿತೆಯೂ ಗೊತ್ತಿಲ್ಲ. ಬಸ್ಸು ಬರುವದೆಂಬ ನಂಬಿಗೆಯೊಂದು ಅವಳಿಗಿದೆ. ಆ ನಂಬಿಗೆಯು ಚಾಲಕನಿಗೆ ತನ್ನ ನಿಗಮದ ಮೇಲಿರುವ ನಂಬಿಗೆಯ ಮೇಲೆ ನಿಂತಿದೆ. ಅವನ ನಂಬಿಗೆಯು ಮೇಲಿನವರು ಅವನಿಗೆ ಆಡಿದ ಮಾತಿನ ಮೇಲೆ ನಿಂತಿದೆ. ರಾಜ್ಯದಲ್ಲಿ ಸ್ವರಾಜ್ಯ ಬಂದು ಎಷ್ಟೋ ದಿನಗಳಾದವು. ಕಚೇರಿಯೊಳಗೂ ಅದು ಬರಲಿ ಎಂದು ನಾವು ಹಾರೈಸುವೆವು.